ಹೆಸರಿಟ್ಟ ರೇಂಜ್ ಕೈಕೊಟ್ಟಾಗ: ಅಡಿಕೆ ಲೆಕ್ಕದ ಮ್ಯಾಕ್ರೋಗೊಂದು ದೋಷ ನಿವಾರಣೆ ಕೈಪಿಡಿ

ಎಕ್ಸೆಲ್ ಮ್ಯಾಕ್ರೋದಲ್ಲಿ, ಅಂದರೆ ಗುಂಡಿ ಒತ್ತಿದರೆ ತಾನಾಗಿ ಓಡುವ ಕೋಡಿನಲ್ಲಿ, ಹೆಸರಿಟ್ಟ ರೇಂಜ್ (ವಿಳಾಸದ ಬದಲು ಹೆಸರಿನಿಂದ ಕರೆಯುವ ಸೆಲ್ಲು ಅಥವಾ ಸೆಲ್ಲುಗಳ ಗುಂಪು) ಬಳಸಿದವರಿಗೆ ‘ರನ್‌ಟೈಮ್ ಎರರ್ 1004’ ಹೊಸತಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಖರೀದಿ ಅಂಗಡಿಗಳಲ್ಲಿ, ಹಾಲಿನ ಸೊಸೈಟಿಗಳಲ್ಲಿ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗಳಲ್ಲಿ ಇಂಥ ಫೈಲುಗಳು ಬೇಕಾದಷ್ಟಿವೆ. ಹೆಚ್ಚಿನವು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಳಿಯನೋ ಅಕ್ಕನ ಮಗನೋ ರಜೆಗೆ ಬಂದಾಗ ಬರೆದುಕೊಟ್ಟು ಹೋದವು. ಬರೆದವನು ಅಲ್ಲಿ, ಫೈಲು ಇಲ್ಲಿ, ಚೀಟಿಗಾಗಿ ಕಾಯುವ ಕೃಷಿಕರು ಅಂಗಡಿಯ ಬೆಂಚಿನ ಮೇಲೆ. “ಮಾಷ್ಟ್ರೇ, ನಿನ್ನೆವರೆಗೆ ಸರಿ ಇತ್ತು, ನಾನು ಏನನ್ನೂ ಮುಟ್ಟಲಿಲ್ಲ” ಎಂಬ ಫೋನು ಬರುವುದು ಇಂಥ ಹೊತ್ತಿನಲ್ಲೇ.

ಆ ಮಾತು ಬಹುಮಟ್ಟಿಗೆ ನಿಜವೇ. ಕೋಡನ್ನು ಯಾರೂ ಮುಟ್ಟಿರುವುದಿಲ್ಲ. ಶೀಟನ್ನು ನಕಲು ಮಾಡಿರುತ್ತಾರೆ, ಹಳೆಯ ಸಾಲನ್ನು ಅಳಿಸಿರುತ್ತಾರೆ, ಪಕ್ಕದಲ್ಲಿ ಇನ್ನೊಂದು ಫೈಲು ತೆರೆದಿರುತ್ತಾರೆ. ಆದ್ದರಿಂದ ಕೋಡಿನ ಸಾಲುಗಳನ್ನು ತಿದ್ದಲು ಹೊರಡುವ ಮೊದಲು ಹೆಸರನ್ನೇ ಮೂರು ಪ್ರಶ್ನೆ ಕೇಳಬೇಕು: ನೀನು ಈಗ ಯಾವ ಸೆಲ್ಲನ್ನು ತೋರಿಸುತ್ತಿದ್ದೀಯ, ನೀನು ಇಡೀ ಫೈಲಿಗೆ ಸೇರಿದವನೋ ಒಂದು ಶೀಟಿಗೋ, ನಿನ್ನನ್ನು ಕರೆಯುತ್ತಿರುವವರು ಯಾರು. ಮೂರನೆಯದನ್ನು ಕೇಳುವುದಕ್ಕೆ ಜನ ಮರೆಯುತ್ತಾರೆ. ದೋಷ ಅಲ್ಲೇ ಕುಳಿತಿರುತ್ತದೆ.

ಒಂದು ಸೂಚನೆ. ಕೋಡಿನ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಎಡಿಟರ್‌ನಲ್ಲಿ ಅವೆಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ರೇಂಜ್‌ಗೆ ಇಟ್ಟ ಹೆಸರನ್ನೂ ಸೇರಿಸಿ. ಕಾರಣ ಮುಂದೆ ಬರುತ್ತದೆ.

ಉದಾಹರಣೆಗೆ ಒಂದೇ ಫೈಲನ್ನು ಇಟ್ಟುಕೊಳ್ಳೋಣ. ಅದರಲ್ಲಿ ‘ಧಾರಣೆ’, ‘ಖರೀದಿ’, ‘ಪಾವತಿ’ ಎಂಬ ಮೂರು ಶೀಟುಗಳು. ಧಾರಣೆ ಶೀಟಿನಲ್ಲಿ ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿ, ಕೋಕ ಎಂಬ ಅಡಿಕೆಯ ಬಗೆಗಳ ಅಂದಿನ ಕಿಲೋ ದರ. ಹೊಸ ಚಾಲಿಯ ದರವಿರುವ ಸೆಲ್ಲಿಗೆ ಚಾಲಿ_ದರ ಎಂದು ಹೆಸರು. ಖರೀದಿಯಲ್ಲಿ ತೂಕದ ಕಾಲಂಗೆ ತೂಕ_ಪಟ್ಟಿ ಎಂದು ಹೆಸರು. ಗುಂಡಿ ಒತ್ತಿದರೆ ಮ್ಯಾಕ್ರೋ ತೂಕಕ್ಕೆ ದರ ಗುಣಿಸಿ ಪಾವತಿ ಶೀಟಿನಲ್ಲಿ ಚೀಟಿ ಸಿದ್ಧಪಡಿಸಬೇಕು.

ಮೊದಲು ಹೆಸರಿನ ವಿಳಾಸ

ಫೈಲು ತೆರೆದ ಕೂಡಲೇ ಮೇಲೆ ಕೆಂಪು ಪಟ್ಟಿ ಬಂದು ಮ್ಯಾಕ್ರೋ ತಡೆಯಲಾಗಿದೆ ಎಂದರೆ ಅದು ಹೆಸರಿನ ದೋಷವಲ್ಲ. ವಾಟ್ಸ್ಆ್ಯಪ್ ಅಥವಾ ಇಮೇಲ್‌ನಲ್ಲಿ ಬಂದ ಫೈಲುಗಳ ಮ್ಯಾಕ್ರೋಗಳನ್ನು 2022ರಿಂದ ಎಕ್ಸೆಲ್ ತಾನಾಗಿಯೇ ತಡೆಯುತ್ತದೆ. ಕಳುಹಿಸಿದವರು ನಂಬಿಕಸ್ಥರಾಗಿದ್ದರೆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಗುರುತು ಹಾಕಿ ಮತ್ತೆ ತೆರೆಯಿರಿ.

ಈಗ ಕಂಟ್ರೋಲ್ ಮತ್ತು ಎಫ್3 ಒಟ್ಟಿಗೆ ಒತ್ತಿ. ನೇಮ್ ಮ್ಯಾನೇಜರ್ ತೆರೆಯುತ್ತದೆ. ಕಣ್ಣು ಹೋಗಬೇಕಾದ ಕಾಲಂಗಳು ಮೂರು: ವ್ಯಾಲ್ಯೂ (ಸೆಲ್ಲಿನಲ್ಲಿ ಈಗ ಇರುವುದು), ರೆಫರ್ಸ್ ಟು (ಹೆಸರು ತೋರಿಸುವ ವಿಳಾಸ), ಸ್ಕೋಪ್ (ಹೆಸರು ಇಡೀ ಫೈಲಿಗೋ ಒಂದು ಶೀಟಿಗೋ). ಚಾಲಿ_ದರದ ಸಾಲಿನ ಮೇಲೆ ಕ್ಲಿಕ್ ಮಾಡಿ, ಕೆಳಗಿನ ರೆಫರ್ಸ್ ಟು ಪೆಟ್ಟಿಗೆಯೊಳಗೆ ಕರ್ಸರ್ ಇಡಿ. ಹೆಸರು ತೋರಿಸುವ ಸೆಲ್ಲಿನ ಸುತ್ತ ಚುಕ್ಕಿ ಗೆರೆ ಓಡಾಡುತ್ತದೆ. ನೀವು ಅಂದುಕೊಂಡ ಸೆಲ್ಲಿನ ಸುತ್ತ ಅದು ಓಡದಿದ್ದರೆ ಕೋಡನ್ನು ತೆರೆಯುವ ಅಗತ್ಯವೇ ಇಲ್ಲ.

ರೆಫರ್ಸ್ ಟು ಜಾಗದಲ್ಲಿ ‘#ರೆಫ್!’ ಎಂದು ಕಂಡರೆ ಹೆಸರು ಉಳಿದಿದೆ, ಜಾಗ ಹೋಗಿದೆ. ಇದು ಎರಡು ಬಗೆಯಲ್ಲಿ ಆಗುತ್ತದೆ. ಧಾರಣೆ ಶೀಟಿನಲ್ಲಿ ಕಳೆದ ವಾರದ ದರ ಬೇಡವೆಂದು ಇಡೀ ಸಾಲನ್ನೇ ಡಿಲೀಟ್ ಮಾಡಿದರೆ ಹೆಸರು ಅನಾಥವಾಗುತ್ತದೆ. ಸೆಲ್ಲಿನೊಳಗಿನದನ್ನು ಮಾತ್ರ ಅಳಿಸಿದರೆ ಏನೂ ಆಗುವುದಿಲ್ಲ. ಎರಡನೆಯದು ಕಟ್ ಮತ್ತು ಪೇಸ್ಟ್. ಬೇರೆ ಸೆಲ್ಲನ್ನು ಕಟ್ ಮಾಡಿ ಹೆಸರಿಟ್ಟ ಸೆಲ್ಲಿನ ಮೇಲೆ ಅಂಟಿಸಿದರೂ ಹೆಸರಿನ ಜಾಗ ನಾಶವಾಗುತ್ತದೆ. ಕಾಪಿ ಮಾಡಿ ಅಂಟಿಸಿದರೆ ಆ ತೊಂದರೆಯಿಲ್ಲ. ಧಾರಣೆ ಶೀಟಿಗೆ ರಕ್ಷಣೆ ಹಾಕಿ, ದರದ ಸೆಲ್ಲುಗಳನ್ನು ಮಾತ್ರ ತೆರೆದಿಡಿ. ಗುಮಾಸ್ತರಿಗೆ ಉಪದೇಶ ಮಾಡುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ಕರೆಯುತ್ತಿರುವವರು ಯಾರು

ವಿಳಾಸ ಸರಿಯಿದೆ, ಸೆಲ್ಲಿನಲ್ಲಿ ದರವೂ ಇದೆ, ಆದರೂ 1004. ಈಗ ದೋಷದ ಸಂದೇಶವನ್ನು ನಿಧಾನವಾಗಿ ಓದಿ. ಅದರಲ್ಲಿ ರೇಂಜ್ ಎಂಬ ಮೆಥಡ್ ವಿಫಲವಾಯಿತು ಎಂಬುದರ ಜೊತೆಗೆ ಒಂದು ವಸ್ತುವಿನ ಹೆಸರೂ ಇರುತ್ತದೆ: ಒಮ್ಮೆ _ಗ್ಲೋಬಲ್, ಒಮ್ಮೆ _ವರ್ಕ್‌ಶೀಟ್. ಹೆಚ್ಚಿನವರು ಸಂಖ್ಯೆ ನೋಡಿ ಪೆಟ್ಟಿಗೆ ಮುಚ್ಚುತ್ತಾರೆ. ಅರ್ಧ ಉತ್ತರ ಆ ಒಂದು ಪದದಲ್ಲಿದೆ.

_ವರ್ಕ್‌ಶೀಟ್ ಎಂದು ಬಂದರೆ ರೇಂಜ್ ಅನ್ನು ಒಂದು ನಿರ್ದಿಷ್ಟ ಶೀಟಿನ ಬಳಿ ಕೇಳಲಾಗಿದೆ ಎಂದರ್ಥ. ನಮ್ಮ ಫೈಲಿನಲ್ಲಿ ಹೀಗಾಗುವುದು ಸಾಮಾನ್ಯವಾಗಿ ಖರೀದಿ ಶೀಟಿನ ಸ್ವಂತ ಕೋಡ್ ಪುಟದಲ್ಲಿ. ತೂಕ ಟೈಪ್ ಮಾಡಿದ ತಕ್ಷಣ ಮೊತ್ತ ಬರಲಿ ಎಂದು ವರ್ಕ್‌ಶೀಟ್_ಚೇಂಜ್ ಎಂಬ ಈವೆಂಟಿನೊಳಗೆ (ಸೆಲ್ಲು ಬದಲಾದಾಗ ತಾನಾಗಿ ಓಡುವ ಕೋಡು) ಹೀಗೆ ಬರೆದಿರುತ್ತಾರೆ:

ದರ = ರೇಂಜ್("ಚಾಲಿ_ದರ").ವ್ಯಾಲ್ಯೂ

ಇದೇ ಸಾಲು ಸಾಮಾನ್ಯ ಮಾಡ್ಯೂಲಿನಲ್ಲಿ, ಅಂದರೆ ಯಾವ ಶೀಟಿಗೂ ಸೇರದ ಕೋಡ್ ಪುಟದಲ್ಲಿ, ಚೆನ್ನಾಗಿ ಓಡುತ್ತದೆ. ಶೀಟಿನ ಪುಟದಲ್ಲಿ ಓಡುವುದಿಲ್ಲ. ಏಕೆಂದರೆ ಶೀಟಿನ ಪುಟದಲ್ಲಿ ಬರೀ ರೇಂಜ್ ಎಂದರೆ ‘ಈ ಶೀಟಿನ ರೇಂಜ್’ ಎಂದೇ ಅರ್ಥ. ಖರೀದಿ ಶೀಟು ತನ್ನೊಳಗೆ ಹುಡುಕುತ್ತದೆ, ಹೆಸರು ತೋರಿಸುವ ಸೆಲ್ಲು ಧಾರಣೆಯಲ್ಲಿದೆ, 1004. ಮಾಡ್ಯೂಲಿನಲ್ಲಿ ಪರೀಕ್ಷಿಸಿ ನೋಡಿ ಶೀಟಿನ ಪುಟಕ್ಕೆ ಅಂಟಿಸಿದ ಕೋಡು ಕೆಡುವುದು ಹೀಗೆ. ಸರಿಪಡಿಸಲು ಹೀಗೆ ಬರೆಯಿರಿ:

ದರ = ಥಿಸ್‌ವರ್ಕ್‌ಬುಕ್.ನೇಮ್ಸ್("ಚಾಲಿ_ದರ").ರೆಫರ್ಸ್‌ಟುರೇಂಜ್.ವ್ಯಾಲ್ಯೂ

ಇದು ಯಾವ ಪುಟದಿಂದ ಕರೆದರೂ ಮ್ಯಾಕ್ರೋ ಇರುವ ಫೈಲಿನ ಹೆಸರುಗಳ ಪಟ್ಟಿಯನ್ನೇ ನೋಡುತ್ತದೆ. ಉದ್ದವಾಯಿತು ಎಂದು ಗೊಣಗುವವರು ಒಂದು ಚಿಕ್ಕ ಫಂಕ್ಷನ್ ಮಾಡಿಟ್ಟುಕೊಳ್ಳಬಹುದು. ಹೆಸರು ಸೆಲ್ಲನ್ನು ತೋರಿಸದೆ 5 ಎಂಬ ಸಂಖ್ಯೆಯನ್ನೋ ಒಂದು ಸೂತ್ರವನ್ನೋ ಹಿಡಿದಿಟ್ಟುಕೊಂಡಿದ್ದರೆ ರೆಫರ್ಸ್‌ಟುರೇಂಜ್ ಕೂಡ 1004 ಕೊಡುತ್ತದೆ. ಕಮಿಷನ್ ಶೇಕಡವನ್ನು ಸೆಲ್ಲಿಲ್ಲದೆ ನೇರ ಹೆಸರಿಗೇ ಕೊಟ್ಟಿರುವ ಫೈಲುಗಳಲ್ಲಿ ಇದು ಕಾಣಿಸುತ್ತದೆ. ಅಂಥದ್ದನ್ನು ಎವ್ಯಾಲ್ಯೂಯೇಟ್ ಮೂಲಕ ಓದಬೇಕು.

ಅದೇ ಈವೆಂಟಿನಲ್ಲಿ ಇಂಟರ್‌ಸೆಕ್ಟ್ ಬಳಸಿ ‘ಬದಲಾದ ಸೆಲ್ಲು ತೂಕ_ಪಟ್ಟಿಯೊಳಗೆ ಇದೆಯೇ’ ಎಂದು ನೋಡುವ ರೂಢಿಯಿದೆ. ಎರಡು ರೇಂಜ್‌ಗಳು ಬೇರೆ ಬೇರೆ ಶೀಟಿನಲ್ಲಿದ್ದರೆ ಇಂಟರ್‌ಸೆಕ್ಟ್ ‘ಇಲ್ಲ’ ಎನ್ನುವುದಿಲ್ಲ, ದೋಷವನ್ನೇ ಎಸೆಯುತ್ತದೆ. ಯಾರಾದರೂ ತೂಕದ ಕಾಲಂ ಅನ್ನು ಬೇರೆ ಶೀಟಿಗೆ ಸರಿಸಿದ ಮರುದಿನ ಈ ಫೋನು ಬರುತ್ತದೆ.

ಸಂದೇಶದಲ್ಲಿ _ಗ್ಲೋಬಲ್ ಎಂದಿದ್ದರೆ ಕಥೆ ಬೇರೆ. ಸಾಮಾನ್ಯ ಮಾಡ್ಯೂಲಿನ ರೇಂಜ್ ಆಗ ಮುಂದೆ ತೆರೆದಿರುವ ಫೈಲಿನಲ್ಲಿ ಹೆಸರನ್ನು ಹುಡುಕುತ್ತದೆ, ಮ್ಯಾಕ್ರೋ ಇರುವ ಫೈಲಿನಲ್ಲಿ ಅಲ್ಲ. ಗುಂಡಿ ನಮ್ಮ ಶೀಟಿನ ಮೇಲೇ ಇರುವಾಗ ಇದು ಹೇಗೆ ತಪ್ಪುತ್ತದೆ ಎಂದು ಕೇಳಬಹುದು. ಮ್ಯಾಕ್ರೋದ ನಡುವೆ ಉಪಶಾಖೆಯ ತೂಕದ ಫೈಲನ್ನು ವರ್ಕ್‌ಬುಕ್ಸ್.ಓಪನ್ ಎಂದು ತೆರೆದಿರುತ್ತಾರೆ. ತೆರೆದ ಫೈಲು ತಾನೇ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೆಳಗಿನ ಪ್ರತಿ ಬರೀ ರೇಂಜ್ ಆ ಹೊಸ ಫೈಲನ್ನು ಕೇಳುತ್ತದೆ. ಹೆಸರು ಅಲ್ಲಿ ಇಲ್ಲದಿದ್ದರೆ 1004. ಅಲ್ಲೂ ಅದೇ ಹೆಸರಿದ್ದರೆ ದೋಷವೇ ಬರುವುದಿಲ್ಲ, ಉಪಶಾಖೆಯ ದರದಲ್ಲಿ ನಿಮ್ಮ ಚೀಟಿ ಮುದ್ರಣವಾಗುತ್ತದೆ. 1004 ಬಂದವರು ಅದೃಷ್ಟವಂತರು.

ಸುಮ್ಮನೆ ತಪ್ಪು ಲೆಕ್ಕ ಕೊಡುವ ಅವಳಿ ಹೆಸರು

ಈ ಕೈಪಿಡಿಯಲ್ಲಿ ಒಂದೇ ವಿಭಾಗ ಓದುವ ವ್ಯವಧಾನವಿದ್ದರೆ ಇದನ್ನು ಓದಿ.

ಕೆಲವು ಅಂಗಡಿಗಳಲ್ಲಿ ಧಾರಣೆಗೆ ಬೇರೆ ಶೀಟು ಇಟ್ಟಿರುವುದಿಲ್ಲ. ತಿಂಗಳ ಖರೀದಿ ಶೀಟಿನ ಮೇಲ್ಭಾಗದಲ್ಲೇ ದರದ ಸೆಲ್ಲು. ಫೆಬ್ರವರಿ ಮುಗಿದು ಮಾರ್ಚ್ ಬಂದಾಗ ಶೀಟಿನ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ, ‘ಮೂವ್ ಆರ್ ಕಾಪಿ’ಯಲ್ಲಿ ನಕಲು ಮಾಡಿ, ಹೆಸರು ಬದಲಿಸಿ, ಹಳೆಯ ತೂಕಗಳನ್ನು ಅಳಿಸಿ ಕೆಲಸ ಶುರು. ಎಲ್ಲರೂ ಮಾಡುವುದು ಇದನ್ನೇ.

ಆ ನಕಲಿನ ಜೊತೆಗೆ ಚಾಲಿ_ದರ ಎಂಬ ಹೆಸರೂ ನಕಲಾಗಿರುತ್ತದೆ. ಮೂಲ ಹೆಸರು ಇಡೀ ಫೈಲಿಗೆ ಸೇರಿದ್ದು, ತೋರಿಸುವುದು ಫೆಬ್ರವರಿಯ ಸೆಲ್ಲನ್ನು. ನಕಲು ಹೆಸರು ಮಾರ್ಚ್ ಶೀಟಿಗೆ ಮಾತ್ರ ಸೇರಿದ್ದು, ತೋರಿಸುವುದು ಮಾರ್ಚಿನ ಸೆಲ್ಲನ್ನು. ಊರಿನಲ್ಲಿ ಇಬ್ಬರು ಸುಬ್ರಾಯರಿದ್ದರೆ ಮನೆಯ ಹೆಸರು ಸೇರಿಸಿ ಕರೆಯದೆ ನಿರ್ವಾಹವಿಲ್ಲ. ಬರೀ ‘ಸುಬ್ರಾಯರೇ’ ಎಂದರೆ ಹತ್ತಿರ ಇದ್ದವರು ತಿರುಗಿ ನೋಡುತ್ತಾರೆ. ಎಕ್ಸೆಲ್ ಮಾಡುವುದೂ ಅದನ್ನೇ. ಮಾರ್ಚ್ ಶೀಟು ಮುಂದಿರುವಾಗ ಮ್ಯಾಕ್ರೋ ಓಡಿಸಿದರೆ ಮಾರ್ಚಿನ ದರ. ಪಾವತಿ ಶೀಟು ಮುಂದಿರುವಾಗ ಓಡಿಸಿದರೆ ಫೆಬ್ರವರಿಯ ದರ. ಒಂದೇ ಕೋಡು, ಒಂದೇ ದಿನ, ಎರಡು ಮೊತ್ತ, ದೋಷದ ಸಂದೇಶ ಮಾತ್ರ ಎಲ್ಲೂ ಇಲ್ಲ.

ದರದಲ್ಲಿ ಕಿಲೋಗೆ 10 ರೂಪಾಯಿ ವ್ಯತ್ಯಾಸವಿದ್ದು ಕೃಷಿಕರು 6 ಕ್ವಿಂಟಲ್ ತಂದಿದ್ದರೆ ಚೀಟಿಯಲ್ಲಿ 6,000 ರೂಪಾಯಿ ಹೆಚ್ಚುಕಡಿಮೆ. ಹೆಚ್ಚು ಹೋದದ್ದು ವರ್ಷದ ಕೊನೆಗೆ ಆಡಿಟ್‌ನಲ್ಲಿ ಗೊತ್ತಾಗುತ್ತದೆ. ಕಡಿಮೆ ಹೋದದ್ದು ಅದೇ ಸಂಜೆ ಗೊತ್ತಾಗುತ್ತದೆ, ಅದೂ ನಾಲ್ಕು ಜನರ ಎದುರು.

ಗುರುತಿಸುವುದು ಸುಲಭ. ನೇಮ್ ಮ್ಯಾನೇಜರ್‌ನಲ್ಲಿ ಫಿಲ್ಟರ್ ಗುಂಡಿ ಒತ್ತಿ, ವರ್ಕ್‌ಶೀಟಿಗೆ ಸೀಮಿತವಾದ ಹೆಸರುಗಳನ್ನು ಮಾತ್ರ ತೋರಿಸುವ ಆಯ್ಕೆ ಹಿಡಿಯಿರಿ. ಒಂದು ವರ್ಷ ಹಳೆಯ ಫೈಲಿನಲ್ಲಿ ತಿಂಗಳಿಗೊಂದರಂತೆ ಚಾಲಿ_ದರಗಳು ಸಾಲಾಗಿ ನಿಂತಿರುತ್ತವೆ. ನಡುವೆ ಪ್ರಿಂಟ್_ಏರಿಯಾ ಎಂಬುದು ಶೀಟಿಗೊಂದರಂತೆ ಕಂಡರೆ ಗಾಬರಿ ಬೇಡ, ಮುದ್ರಣದ ಜಾಗ ನೆನಪಿಟ್ಟುಕೊಳ್ಳಲು ಎಕ್ಸೆಲ್ ತಾನೇ ಇಟ್ಟುಕೊಂಡ ಹೆಸರು ಅದು. ಅದನ್ನು ಅಳಿಸಬೇಡಿ.

ಪರಿಹಾರಕ್ಕೆ ದಾರಿ ಎರಡು, ಬೆರೆಸಬಾರದು. ದರ ಎಲ್ಲ ಶೀಟಿಗೂ ಒಂದೇ ಆಗಿದ್ದರೆ ಅದನ್ನು ಪ್ರತ್ಯೇಕ ಧಾರಣೆ ಶೀಟಿಗೆ ಒಯ್ಯಿರಿ, ಫೈಲಿನ ಮಟ್ಟದ ಒಂದೇ ಹೆಸರು ಇಡಿ, ಶೀಟಿಗೆ ಸೀಮಿತವಾದವನ್ನೆಲ್ಲ ತೆಗೆಯಿರಿ. ತೆಗೆಯುವ ಮೊದಲು ಫೈಲಿನ ಒಂದು ಪ್ರತಿ ಬೇರೆ ಕಡೆ ಇರಲಿ. ಆ ಶೀಟುಗಳ ಸೂತ್ರಗಳೂ ಅದೇ ಹೆಸರನ್ನು ಬಳಸುತ್ತಿರಬಹುದು, ತೆಗೆದ ಮೇಲೆ ಒಂದೊಂದನ್ನೂ ನೋಡಬೇಕು. ಪ್ರತಿ ತಿಂಗಳ ದರ ಆಯಾ ಶೀಟಿನಲ್ಲೇ ಇರಬೇಕು ಎಂದಾದರೆ ಫೈಲಿನ ಮಟ್ಟದ ಹೆಸರನ್ನು ತೆಗೆದು, ಎಲ್ಲ ಶೀಟಿಗೂ ಸೀಮಿತ ಹೆಸರನ್ನೇ ಇಟ್ಟು, ಕೋಡಿನಲ್ಲಿ ಯಾವ ಶೀಟು ಎಂದು ಯಾವಾಗಲೂ ಹೇಳಿ. ನನ್ನ ಮತ ಮೊದಲನೆಯದಕ್ಕೆ. ಅಡಿಕೆ ಧಾರಣೆ ತಿಂಗಳ ನಡುವೆಯೂ ಏರಿಳಿಯುತ್ತದೆ, ತಿಂಗಳಿಗೊಂದು ದರದ ಸೆಲ್ಲು ಎಂಬ ಏರ್ಪಾಡೇ ಈ ವ್ಯಾಪಾರಕ್ಕೆ ಒಗ್ಗುವುದಿಲ್ಲ. ದಿನಾಂಕ ಮತ್ತು ದರದ ಒಂದು ಪಟ್ಟಿ ಇದ್ದರೆ ಹಳೆಯ ಚೀಟಿಯನ್ನೂ ಮರಳಿ ತಾಳೆ ನೋಡಬಹುದು.

ಶೀಟನ್ನು ಬೇರೆ ಫೈಲಿಗೆ ನಕಲು ಮಾಡಿದಾಗಲೂ ಹೆಸರುಗಳು ಬೆನ್ನುಹತ್ತಿ ಹೋಗುತ್ತವೆ. ಹೊಸ ಫೈಲು ತೆರೆದಾಗಲೆಲ್ಲ ‘ಲಿಂಕ್ ನವೀಕರಿಸಬೇಕೇ’ ಎಂದು ಕೇಳುತ್ತಿದ್ದರೆ ರೆಫರ್ಸ್ ಟು ಕಾಲಂನಲ್ಲಿ ಚೌಕ ಆವರಣದೊಳಗೆ ಹಳೆಯ ಫೈಲಿನ ಹೆಸರು ಕೂತಿದೆಯೇ ನೋಡಿ.

ಕನ್ನಡ ಶೀಟು ಮತ್ತು ಪ್ರಶ್ನಾರ್ಥಕ ಚಿಹ್ನೆಗಳು

ಕಾಸರಗೋಡಿನಲ್ಲಿ ಒಂದೇ ಫೈಲಿನೊಳಗೆ ಕನ್ನಡ ಹೆಸರಿನ ಶೀಟು, ಮಲಯಾಳ ಹೆಸರಿನ ಶೀಟು, ಇಂಗ್ಲಿಷ್ ಹೆಸರಿನ ಶೀಟು ಮೂರೂ ಇರುವುದು ವಿಶೇಷವೇನಲ್ಲ. ಶೀಟಿನ ಪಟ್ಟಿಯಲ್ಲಿ, ಸೆಲ್ಲಿನಲ್ಲಿ ಇವೆಲ್ಲ ಚೆನ್ನಾಗಿ ಕಾಣುತ್ತವೆ. ತೊಂದರೆ ಇರುವುದು ಆಲ್ಟ್ ಮತ್ತು ಎಫ್11 ಒತ್ತಿದಾಗ ತೆರೆಯುವ ಕೋಡ್ ಎಡಿಟರ್‌ನಲ್ಲಿ. ಅದು ಯೂನಿಕೋಡ್ ಬರುವ ಮೊದಲಿನ ಕಾಲದ ಕೋಡ್ ಪುಟಗಳ ಪದ್ಧತಿಯಲ್ಲೇ ಉಳಿದಿದೆ. ಆ ಪದ್ಧತಿಯಲ್ಲಿ ಕನ್ನಡಕ್ಕೂ ಮಲಯಾಳಕ್ಕೂ ಜಾಗವಿಲ್ಲ. ನೀವು ಎಡಿಟರ್‌ನಲ್ಲಿ

ವರ್ಕ್‌ಶೀಟ್ಸ್("ಧಾರಣೆ")

ಎಂದು ಬರೆದು ಒಳಗಿನ ಪದವನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಅಲ್ಲಿ ಉಳಿಯುವುದು ‘?????’. ಆ ಹೆಸರಿನ ಶೀಟು ಇಲ್ಲವಾದ್ದರಿಂದ ದೋಷ ಸಂಖ್ಯೆ 9, ‘ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್’. ಕೆಲವರು ಇದರಿಂದ ಬೇಸತ್ತು ಶೀಟಿನ ಹೆಸರನ್ನೆಲ್ಲ ಇಂಗ್ಲಿಷಿಗೆ ಬದಲಿಸುತ್ತಾರೆ. ಅದರ ಅಗತ್ಯವಿಲ್ಲ.

ಎಡಿಟರ್‌ಗೆ ಕನ್ನಡ ಬಾರದಿದ್ದರೂ ಮ್ಯಾಕ್ರೋ ಓಡುವಾಗ ಒಳಗೆ ಸಾಗುವ ಪಠ್ಯ ಯೂನಿಕೋಡೇ. ಹಾಗಾಗಿ ಶೀಟಿನ ಹೆಸರನ್ನು ಕೋಡಿನಲ್ಲಿ ಬರೆಯದೆ ಶೀಟನ್ನು ತಲುಪಿದರೆ ಸಾಕು. ಹೆಸರಿಟ್ಟ ರೇಂಜ್ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಇಂಗ್ಲಿಷ್ ಅಕ್ಷರದ ಚಾಲಿ_ದರ ಎಂಬ ಹೆಸರು ಕನ್ನಡ ಹೆಸರಿನ ಶೀಟಿನ ಸೆಲ್ಲನ್ನು ತೋರಿಸುತ್ತಿದ್ದರೆ, ಆ ರೇಂಜ್‌ನ ಮುಂದೆ .ವರ್ಕ್‌ಶೀಟ್ ಎಂದು ಸೇರಿಸಿದಾಗ ಧಾರಣೆ ಶೀಟೇ ಕೈಗೆ ಬರುತ್ತದೆ. ನಾಳೆ ಯಾರಾದರೂ ಶೀಟಿನ ಹೆಸರನ್ನು ‘ಅಡಿಕೆ ಧಾರಣೆ’ ಎಂದು ಬದಲಿಸಿದರೂ ಹೆಸರಿನೊಳಗಿನ ವಿಳಾಸ ತಾನಾಗಿ ಬದಲಾಗುತ್ತದೆ, ಕೋಡು ಕೆಡುವುದಿಲ್ಲ.

ಇನ್ನೊಂದು ದಾರಿ ಶೀಟಿನ ಕೋಡ್‌ನೇಮ್. ಎಡಿಟರ್‌ನಲ್ಲಿ ಶೀಟನ್ನು ಆರಿಸಿ ಎಫ್4 ಒತ್ತಿದರೆ ಪ್ರಾಪರ್ಟೀಸ್ ಪಟ್ಟಿಯ ಮೊದಲ ಸಾಲಿನಲ್ಲಿ ಅದು ಇರುತ್ತದೆ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು ಕೊಟ್ಟು, ಕೋಡಿನಲ್ಲಿ ಅದನ್ನೇ ನೇರವಾಗಿ ಬಳಸಬಹುದು. ಪಟ್ಟಿಯಲ್ಲಿ ಕಾಣುವ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.

ಕನ್ನಡ ಪದವನ್ನೇ ಕೋಡಿನಲ್ಲಿ ಕಟ್ಟಲೇಬೇಕೆಂದರೆ ಸಿಎಚ್‌ಆರ್‌ಡಬ್ಲ್ಯೂ ಎಂಬ ಫಂಕ್ಷನ್‌ಗೆ ಒಂದೊಂದೇ ಅಕ್ಷರದ ಯೂನಿಕೋಡ್ ಸಂಖ್ಯೆ ಕೊಟ್ಟು ಜೋಡಿಸಬೇಕು. ‘ಧಾರಣೆ’ಗೆ 3239, 3262, 3248, 3235, 3270 ಎಂಬ ಐದು ಸಂಖ್ಯೆಗಳು, ಏಕೆಂದರೆ ದೀರ್ಘವೂ ಎತ್ವವೂ ಬೇರೆ ಬೇರೆ ಎಣಿಕೆ. ಕೆಲಸ ಆಗುತ್ತದೆ, ಆದರೆ ಮುಂದೆ ಅದನ್ನು ಓದಬೇಕಾದವರಿಗೆ ಶಿಕ್ಷೆ. ಟೈಪ್ ಮಾಡುವಾಗ ಶೀಟಿನ ಹೆಸರಿನೊಳಗೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದು ಸೇರಿಕೊಂಡಿದ್ದರೆ ನೋಡಲು ಒಂದೇ ಆದ ಎರಡು ಪದಗಳು ಹೊಂದಿಕೆಯಾಗುವುದಿಲ್ಲ. ಆಗ ಈ ಸಂಖ್ಯೆಗಳ ದಾರಿಯೂ ಕೈಕೊಡುತ್ತದೆ.

ಎಂಎಸ್‌ಜಿಬಾಕ್ಸ್ ಎಂಬ ಸಂದೇಶದ ಪೆಟ್ಟಿಗೆಯಲ್ಲೂ ಕನ್ನಡ ಮೂಡುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಗಳೇ. ಸಂದೇಶವನ್ನು ಒಂದು ಸೆಲ್ಲಿಗೆ ಬರೆಯಿರಿ, ಅಲ್ಲಿ ಸರಿಯಾಗಿ ಕಾಣುತ್ತದೆ. ಇದೇ ಕಾರಣದಿಂದ ಹೆಸರುಗಳ ತಪಾಸಣೆಗೆ ಎಡಿಟರ್‌ನೊಳಗೇ ಬರೆದು ತೋರಿಸುವ ಡೀಬಗ್.ಪ್ರಿಂಟ್ ಸಾಕಾಗುವುದಿಲ್ಲ, ಕನ್ನಡ ಶೀಟಿನ ವಿಳಾಸ ಅಲ್ಲಿ ಚಿಹ್ನೆಗಳಾಗಿ ಬರುತ್ತದೆ. ಹೊಸ ಶೀಟಿಗೆ ಬರೆಸುವ ಈ ತುಣುಕು ವಾಸಿ:

ಸೆಟ್ ಹಾಳೆ = ಥಿಸ್‌ವರ್ಕ್‌ಬುಕ್.ವರ್ಕ್‌ಶೀಟ್ಸ್.ಆ್ಯಡ್
ಸಾಲು = 1
ಫಾರ್ ಈಚ್ ನಾಮ ಇನ್ ಥಿಸ್‌ವರ್ಕ್‌ಬುಕ್.ನೇಮ್ಸ್
ಹಾಳೆ.ಸೆಲ್ಸ್(ಸಾಲು, 1).ವ್ಯಾಲ್ಯೂ = "'" & ನಾಮ.ನೇಮ್
ಹಾಳೆ.ಸೆಲ್ಸ್(ಸಾಲು, 2).ವ್ಯಾಲ್ಯೂ = "'" & ನಾಮ.ರೆಫರ್ಸ್‌ಟು
ಹಾಳೆ.ಸೆಲ್ಸ್(ಸಾಲು, 3).ವ್ಯಾಲ್ಯೂ = ಟೈಪ್‌ನೇಮ್(ನಾಮ.ಪೇರೆಂಟ್)
ಹಾಳೆ.ಸೆಲ್ಸ್(ಸಾಲು, 4).ವ್ಯಾಲ್ಯೂ = ನಾಮ.ವಿಸಿಬಲ್
ಸಾಲು = ಸಾಲು + 1
ನೆಕ್ಸ್ಟ್

ಎರಡನೆಯ ಕಾಲಂನ ಮುಂದಿರುವ ಒಂಟಿ ಉದ್ಧರಣ ಚಿಹ್ನೆಯನ್ನು ಬಿಡಬೇಡಿ. ರೆಫರ್ಸ್‌ಟು ಸಮಚಿಹ್ನೆಯಿಂದ ಶುರುವಾಗುವ ಪಠ್ಯ, ಹಾಗೆಯೇ ಬರೆದರೆ ಸೆಲ್ಲು ಅದನ್ನು ಸೂತ್ರವೆಂದು ಲೆಕ್ಕ ಹಾಕಿಬಿಡುತ್ತದೆ. ಮೂರನೆಯ ಕಾಲಂ ಹೆಸರಿನ ಒಡೆಯ ಫೈಲೋ ಶೀಟೋ ಎಂದು ಹೇಳುತ್ತದೆ. ನಾಲ್ಕನೆಯದರಲ್ಲಿ ‘ಫಾಲ್ಸ್’ ಎಂದಿದ್ದರೆ ಅದು ಬಚ್ಚಿಟ್ಟ ಹೆಸರು, ನೇಮ್ ಮ್ಯಾನೇಜರ್‌ನಲ್ಲಿ ಕಾಣುವುದೇ ಇಲ್ಲ.

ಕೊನೆಯ ಸಾಲು ಬಿಟ್ಟುಹೋಗುವುದು

ತೂಕ_ಪಟ್ಟಿ 2ನೇ ಸಾಲಿನಿಂದ 200ನೇ ಸಾಲಿನವರೆಗೆ ಇದೆ ಎಂದಿಟ್ಟುಕೊಳ್ಳಿ. ನಡುವೆ ಸಾಲು ಸೇರಿಸಿದರೆ ರೇಂಜ್ ತಾನಾಗಿ ಹಿಗ್ಗುತ್ತದೆ. 201ನೇ ಸಾಲಿನಲ್ಲಿ ಟೈಪ್ ಮಾಡಿದರೆ ಹಿಗ್ಗುವುದಿಲ್ಲ. ವ್ಯಾಪಾರ ಜೋರಿರುವ ದಿನಗಳಲ್ಲಿ ಕೊನೆಯ ಕೆಲವರ ತೂಕ ಒಟ್ಟು ಮೊತ್ತದಿಂದ ಬಿಟ್ಟುಹೋಗುವುದು ಹೀಗೆ. ಆಫ್‌ಸೆಟ್ ಮತ್ತು ಕೌಂಟ್‌ಎ ಸೇರಿಸಿ ತಾನಾಗಿ ಬೆಳೆಯುವ ಹೆಸರು ಮಾಡುವವರಿದ್ದಾರೆ. ನಡುವೆ ಒಂದು ಸೆಲ್ಲು ಖಾಲಿ ಬಿಟ್ಟರೆ ಎಣಿಕೆ ಒಂದು ಕಡಿಮೆಯಾಗಿ ಕೊನೆಯ ಸಾಲು ಮತ್ತೆ ಹೊರಗೆ. ಕಂಟ್ರೋಲ್ ಮತ್ತು ಟಿ ಒತ್ತಿ ಪಟ್ಟಿಯನ್ನು ಟೇಬಲ್ ಮಾಡಿ, ಟೇಬಲಿನ ಕಾಲಂಗೇ ಹೆಸರಿಡಿ. ಸಾಲು ಬೆಳೆದಂತೆ ಹೆಸರೂ ಬೆಳೆಯುತ್ತದೆ.

ಹೆಸರನ್ನು ಮ್ಯಾಕ್ರೋದಿಂದಲೇ ಸೃಷ್ಟಿಸುವ ಫೈಲುಗಳಲ್ಲಿ ನೇಮ್ಸ್.ಆ್ಯಡ್ ಸಾಲನ್ನು ನೋಡಿ. ವಿಳಾಸದ ಮೊದಲಿಗೆ ಸಮಚಿಹ್ನೆ ಇಲ್ಲದಿದ್ದರೆ ಹೆಸರು ಸೆಲ್ಲನ್ನು ತೋರಿಸುವುದಿಲ್ಲ, ವಿಳಾಸದ ಅಕ್ಷರಗಳನ್ನೇ ಪಠ್ಯವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಡಾಲರ್ ಚಿಹ್ನೆ ಬಿಟ್ಟಿದ್ದರೆ ಆಗ ಕರ್ಸರ್ ಎಲ್ಲಿತ್ತೋ ಅದಕ್ಕೆ ಅನುಗುಣವಾಗಿ ವಿಳಾಸ ಜಾರುತ್ತದೆ. ‘ನೋಡಿದಾಗಲೆಲ್ಲ ಬೇರೆ ಸೆಲ್ಲು ತೋರಿಸುತ್ತದೆ’ ಎಂಬ ದೂರಿನ ಮೂಲ ಇದೇ. ರೇಂಜ್‌ನ .ನೇಮ್ ಗುಣಕ್ಕೆ ನೇರವಾಗಿ ಹೆಸರು ಕೊಟ್ಟರೆ ಈ ಎರಡೂ ಪೇಚಾಟವಿಲ್ಲ.

ಹಳೆಯ ಫೈಲಿನಿಂದ ಬಂದ ಹೆಸರು

ಇದು ಅಪರೂಪ, ಆದರೆ ಸಿಕ್ಕಿಬಿದ್ದರೆ ಇಡೀ ದಿನ ತಿನ್ನುತ್ತದೆ. ಎಕ್ಸೆಲ್ 2003ರವರೆಗಿನ ಶೀಟಿನಲ್ಲಿ ಇದ್ದದ್ದು 256 ಕಾಲಂ, 65,536 ಸಾಲು. 2007ರಲ್ಲಿ ಅದು 16,384 ಕಾಲಂ, 10,48,576 ಸಾಲಾಯಿತು. ಕಾಲಂಗಳಿಗೆ ಮೂರು ಅಕ್ಷರದ ಗುರುತು ಬಂತು, ಕೊನೆಯದು ಎಕ್ಸ್‌ಎಫ್‌ಡಿ. ಹಳೆಯ ಫೈಲಿನಲ್ಲಿ ಯಾರೋ ಎ, ಡಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರಕ್ಕೆ 2005 ಸೇರಿಸಿ ಆ ವರ್ಷದ ಅಡಿಕೆಗೆಂದು ಹೆಸರಿಟ್ಟಿದ್ದರು ಎನ್ನಿ. ಆಗ ಅದು ಸರಿಯಾದ ಹೆಸರು. ಫೈಲನ್ನು ಹೊಸ ರೂಪಕ್ಕೆ ಪರಿವರ್ತಿಸಿದಾಗ ಅದೇ ಅಕ್ಷರಗಳು ಒಂದು ನಿಜವಾದ ಸೆಲ್ಲಿನ ವಿಳಾಸವಾಗುತ್ತವೆ. ಎಕ್ಸೆಲ್ ಹೆಸರಿನ ಮುಂದೆ ಅಡಿಗೆರೆ ಸೇರಿಸಿ ಸಮಸ್ಯೆ ಬಗೆಹರಿಸುತ್ತದೆ, ಶೀಟಿನ ಸೂತ್ರಗಳನ್ನೂ ತಿದ್ದುತ್ತದೆ. ಕೋಡಿನಲ್ಲಿ ಉದ್ಧರಣದೊಳಗಿರುವ ಹೆಸರನ್ನು ಮಾತ್ರ ಮುಟ್ಟುವುದಿಲ್ಲ. ಕೋಡು ಈಗ ದೂರದ ಒಂದು ಖಾಲಿ ಸೆಲ್ಲಿಗೆ ಹೋಗಿ ಸೊನ್ನೆ ತರುತ್ತದೆ. ಪರಿವರ್ತಿಸಿದ ಫೈಲಿನಲ್ಲಿ ಅಡಿಗೆರೆಯಿಂದ ಶುರುವಾಗುವ ಹೆಸರು ಕಂಡರೆ ಕೋಡಿನಲ್ಲಿ ಅಡಿಗೆರೆಯಿಲ್ಲದ ರೂಪವನ್ನು ಹುಡುಕಿ.

13, 91 ಮತ್ತು ಮೌನ

ದೋಷ 91 ಬಂದರೆ ಹೆಚ್ಚಾಗಿ ಸೆಟ್ ಎಂಬ ಪದ ಬಿಟ್ಟುಹೋಗಿರುತ್ತದೆ. ದೋಷ 13 ಬಂದರೆ ಹೆಸರು ಈಗ ಒಂದಕ್ಕಿಂತ ಹೆಚ್ಚು ಸೆಲ್ಲನ್ನು ಹಿಡಿದಿರಬಹುದು, ಆಗ .ವ್ಯಾಲ್ಯೂ ಒಂದು ಸಂಖ್ಯೆಯಲ್ಲ, ಸಾಲು ಕಾಲಂಗಳ ಪಟ್ಟಿ. ತದ್ವಿರುದ್ಧವೂ ಉಂಟು: ಪಟ್ಟಿ ನಿರೀಕ್ಷಿಸಿ ಯುಬೌಂಡ್ (ಪಟ್ಟಿಯ ಕೊನೆಯ ಸಂಖ್ಯೆ ಹೇಳುವ ಫಂಕ್ಷನ್) ಬಳಸಿದ ಕೋಡಿಗೆ ದಿನಕ್ಕೆ ಒಬ್ಬರೇ ಕೃಷಿಕರು ಬಂದು ಒಂದೇ ಸೆಲ್ಲು ಸಿಕ್ಕಿದರೆ ಅದೂ 13. ಸೆಲ್ಲಿನಲ್ಲಿ ‘#ಎನ್/ಎ’ ಇದ್ದರೂ ಗುಣಿಸಲು ಹೋದಾಗ 13. ಹೆಸರು ಅಲ್ಪವಿರಾಮ ಹಾಕಿ ಎರಡು ಬಿಡಿ ಭಾಗಗಳನ್ನು ಹಿಡಿದಿದ್ದರೆ .ರೋಸ್.ಕೌಂಟ್ ಮೊದಲ ಭಾಗವನ್ನಷ್ಟೇ ಎಣಿಸುತ್ತದೆ, ಏರಿಯಾಸ್ ಮೂಲಕ ಒಂದೊಂದು ಭಾಗವನ್ನೂ ಸುತ್ತಬೇಕು.

ಇವೆಲ್ಲಕ್ಕಿಂತ ನನಗೆ ಸಿಟ್ಟು ತರಿಸುವುದು ಕೋಡಿನ ತಲೆಯಲ್ಲಿ ಕೂತಿರುವ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’. ದೋಷ ಬಂದರೂ ಮುಂದೆ ಹೋಗು ಎಂಬ ಆಜ್ಞೆ ಅದು. ಲೂಪಿನೊಳಗೆ ಹೆಸರು ಸಿಗದೆ ಸೆಟ್ ಸೋತರೆ ವೇರಿಯಬಲ್ ಖಾಲಿಯಾಗುವುದಿಲ್ಲ, ಹಿಂದಿನ ಸುತ್ತಿನ ರೇಂಜ್ ಅದರಲ್ಲೇ ಉಳಿಯುತ್ತದೆ. ಉಳ್ಳಿ ತಂದವರಿಗೆ ಅವರಿಗಿಂತ ಮುಂಚೆ ಬಂದವರ ಚಾಲಿ ದರ. ಯಾವ ತನಿಖೆಗೂ ಮೊದಲು ಆ ಸಾಲಿನ ಮೊದಲಿಗೆ ಒಂಟಿ ಉದ್ಧರಣ ಚಿಹ್ನೆ ಹಾಕಿ ನಿಷ್ಕ್ರಿಯಗೊಳಿಸಿ, ಆಮೇಲೆ ಎಫ್8 ಒತ್ತುತ್ತಾ ಸಾಲು ಸಾಲಾಗಿ ಓಡಿಸಿ. ಅನುಮಾನದ ಸಾಲಿಗಿಂತ ಮೊದಲು ಆ ರೇಂಜ್‌ನ ಅಡ್ರೆಸ್(ಎಕ್ಸ್‌ಟರ್ನಲ್:=ಟ್ರೂ) ಅನ್ನು ಒಂದು ಖಾಲಿ ಸೆಲ್ಲಿಗೆ ಬರೆಸಿದರೆ ಫೈಲು, ಶೀಟು, ಸೆಲ್ಲು ಮೂರೂ ಒಟ್ಟಿಗೆ ಬರುತ್ತವೆ.

ಫೈಲು ಲಿಬ್ರೆಆಫೀಸಿಗೆ ಹೋಗಿ ಬಂದಿದ್ದರೆ

ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರುಗಳಲ್ಲಿ ಸ್ವತಂತ್ರ ತಂತ್ರಾಂಶವೇ ಇರುವುದರಿಂದ ನಮ್ಮಲ್ಲಿ ಲೆಕ್ಕ ಬರೆಯುವ ಎಷ್ಟೋ ಅಧ್ಯಾಪಕರಿಗೆ ಎಕ್ಸೆಲ್‌ಗಿಂತ ಲಿಬ್ರೆಆಫೀಸ್ ಕ್ಯಾಲ್ಕ್ ಹೆಚ್ಚು ಪರಿಚಿತ. ಕ್ಯಾಲ್ಕ್‌ನಲ್ಲಿ ಎಕ್ಸೆಲ್ ಕೋಡು ಓಡಬೇಕಾದರೆ ಮಾಡ್ಯೂಲಿನ ಮೇಲ್ಭಾಗದಲ್ಲಿ ‘ಆಪ್ಶನ್ ವಿಬಿಎಸಪೋರ್ಟ್ 1’ ಇರಬೇಕು. ಅದಿದ್ದರೂ ಎಲ್ಲವೂ ಓಡುತ್ತದೆ ಎಂದು ನಂಬಬೇಡಿ. ಕ್ಯಾಲ್ಕ್‌ನ ಸ್ವಂತ ದಾರಿ ಥಿಸ್‌ಕಾಂಪೊನೆಂಟ್.ನೇಮ್ಡ್‌ರೇಂಜಸ್. ಅದರ ಹ್ಯಾಸ್‌ಬೈನೇಮ್‌ನಿಂದ ಹೆಸರು ಇದೆಯೇ ಎಂದು ಮೊದಲು ಕೇಳಿ, ಆಮೇಲೆ ಗೆಟ್‌ಬೈನೇಮ್ ಬಳಸಿ. ಕೇಳದೆ ಕರೆದರೆ ಇಲ್ಲದ ಹೆಸರಿಗೆ ಕೋಡು ನಿಂತುಬಿಡುತ್ತದೆ. ಶೀಟಿಗೆ ಸೀಮಿತವಾದ ಹೆಸರುಗಳು ಈ ಪಟ್ಟಿಯಲ್ಲಿ ಬರುವುದಿಲ್ಲ, ಆಯಾ ಶೀಟಿನ ನೇಮ್ಡ್‌ರೇಂಜಸ್‌ನಲ್ಲಿ ಇರುತ್ತವೆ. ವಿಳಾಸದಲ್ಲಿ ಶೀಟು ಮತ್ತು ಸೆಲ್ಲಿನ ನಡುವೆ ಎಕ್ಸೆಲ್ ಆಶ್ಚರ್ಯಸೂಚಕ ಹಾಕಿದರೆ ಕ್ಯಾಲ್ಕ್ ಚುಕ್ಕಿ ಹಾಕುತ್ತದೆ. ವಿಳಾಸವನ್ನು ತುಂಡರಿಸಿ ಓದುವ ಕೋಡು ಇಲ್ಲಿ ಮುಗ್ಗರಿಸುತ್ತದೆ.

ಸರಿಯಾಯಿತೇ ಎಂದು ನೋಡುವುದು

ಗುಂಡಿ ಒತ್ತಿ ಚೀಟಿ ಬಂದ ಮಾತ್ರಕ್ಕೆ ಫೈಲನ್ನು ಹಿಂದಿರುಗಿಸಬೇಡಿ. ಧಾರಣೆ, ಖರೀದಿ, ಪಾವತಿ ಒಂದೊಂದನ್ನೂ ಮುಂದಿಟ್ಟುಕೊಂಡು ಅದೇ ತೂಕಕ್ಕೆ ಮ್ಯಾಕ್ರೋ ಓಡಿಸಿ, ಮೊತ್ತ ಮೂರು ಸಲವೂ ಒಂದೇ ಇರಬೇಕು. ಪಕ್ಕದಲ್ಲಿ ಖಾಲಿ ಫೈಲೊಂದನ್ನು ತೆರೆದು, ಅದನ್ನು ಮುಂದೆ ಇಟ್ಟು, ಆಲ್ಟ್ ಮತ್ತು ಎಫ್8ರ ಪಟ್ಟಿಯಿಂದ ಓಡಿಸಿ. ಪಟ್ಟಿಯ ಕೊನೆಗೆ ಒಂದು ಸುಳ್ಳು ತೂಕ ಸೇರಿಸಿ ಒಟ್ಟು ಬದಲಾಯಿತೇ ನೋಡಿ, ನೋಡಿದ ಮೇಲೆ ಆ ಸಾಲನ್ನು ತೆಗೆಯಲು ಮರೆಯಬೇಡಿ. ಒಂದು ಶೀಟನ್ನು ನಕಲು ಮಾಡಿ ಮತ್ತೆ ಓಡಿಸಿ. ಮೊತ್ತ ಬದಲಾದರೆ ಅವಳಿ ಹೆಸರು ಇನ್ನೂ ಎಲ್ಲೋ ಹುಟ್ಟುತ್ತಿದೆ, ನೇಮ್ ಮ್ಯಾನೇಜರ್‌ನ ಫಿಲ್ಟರ್‌ಗೆ ಮರಳಿ. ಎಲ್ಲ ಸರಿ ಇದ್ದರೆ ಫೈಲನ್ನು ಉಳಿಸುವಾಗ ಮ್ಯಾಕ್ರೋ ಇರುವ ರೂಪದಲ್ಲೇ, ಅಂದರೆ ಎಕ್ಸ್‌ಎಲ್‌ಎಸ್‌ಎಂ ಆಗಿ ಉಳಿಸಿ. ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿದರೆ ತಿದ್ದಿದ ಕೋಡೆಲ್ಲ ಅಲ್ಲೇ ಕಳಚಿಹೋಗುತ್ತದೆ.